ಗದ್ದೆಯ ಚಿರತೆ ಮರಿಗಳು ಅನಾಥವಲ್ಲ

ಮಾನ್ಯ ಸಂಪಾದಕರೇ,

ಮಂಡ್ಯ, ಮೈಸೂರು ಭಾಗದಲ್ಲಿ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಕ್ಕರೆ, ‘ತಾಯಿಯಿಂದ ದೂರವಾದ ಮರಿಗಳು’ ಎಂದು ಸುದ್ದಿಯಾಗುವುದುಂಟು. ಬಹುತೇಕ ಸಂದರ್ಭಗಳಲ್ಲಿ ಅವು ಅನಾಥವಲ್ಲ. ಸುಮಾರು ಮೂರು ತಿಂಗಳು ಗರ್ಭ ಧರಿಸಿ, ಸಾಮಾನ್ಯವಾಗಿ ಎರಡು ಮೂರು ಮರಿ ಹಾಕುವ ಹೆಣ್ಣು ಚಿರತೆಯು ಗಂಡಿನ ನೆರವಿಲ್ಲದೆ ಅವನ್ನು ಸಾಕಬೇಕಾದ್ದರಿಂದ, ಇನ್ನೂ ಕಣ್ಣು ಬಿಡದ ಮರಿಗಳನ್ನು ದಟ್ಟ ಮರೆಯಲ್ಲಿ ಬಿಟ್ಟು ಬೇಟೆಗೆ ಹೋಗುವುದು ಅದಕ್ಕೆ ಅನಿವಾರ್ಯ. ಆಳೆತ್ತರದ ಕಬ್ಬಿಗಿಂತ ಒಳ್ಳೆಯ ಮರೆ ಬಯಲುಸೀಮೆಯಲ್ಲಿ ಅದಕ್ಕೆ ಎಲ್ಲಿ ಸಿಕ್ಕೀತು? ಅಪಾಯದ ಸುಳಿವು ಸಿಕ್ಕರೆ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಮೂರು ತಿಂಗಳ ಹೊತ್ತಿಗೆ ಹಾಲು ಬಿಡುವ ಮರಿಗಳು ಒಂದೂವರೆ, ಎರಡು ವರ್ಷ ತಾಯಿಯ ಜೊತೆಗಿದ್ದೇ ಬೇಟೆ ಕಲಿಯುತ್ತವೆ. ಮೃಗಾಲಯದಲ್ಲಿ ಹಾಲಿನ ಬಾಟಲಿ ದೊರೆಯಬಹುದು, ಆ ಪಾಠ ದೊರೆಯದು.

ಅರಣ್ಯ ಸಿಬ್ಬಂದಿ ಸಂಜೆ ಮರಿಗಳನ್ನು ಸಿಕ್ಕ ಜಾಗದಲ್ಲೇ ಬುಟ್ಟಿಯಲ್ಲಿಟ್ಟು ದೂರ ಸರಿದು, ರಾತ್ರಿ ತಾಯಿ ಬಂದು ಅವನ್ನು ಒಯ್ದ ನಿದರ್ಶನಗಳಿವೆ. ಇದಕ್ಕೆ ಬೇಕಾದುದು ನಿರ್ಜನತೆ. ನಮ್ಮಲ್ಲಿ ಸೇರುವುದು ಮೊಬೈಲ್ ಹಿಡಿದ ಜನಜಾತ್ರೆ. ಮರಿಯನ್ನು ಮನೆಗೊಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂಬುದು ಹಲವರಿಗೆ ತಿಳಿದಂತಿಲ್ಲ. ಪ್ರತಿ ಕಟಾವಿನ ಹಂಗಾಮಿಗೂ ಮೊದಲು ಸಕ್ಕರೆ ಕಾರ್ಖಾನೆಗಳು ಮತ್ತು ಅರಣ್ಯ ಇಲಾಖೆ ಸೇರಿ ಕಬ್ಬು ಕಡಿಯುವ ಕಾರ್ಮಿಕರಿಗೆ ಈ ಮಾಹಿತಿ ನೀಡಬೇಕು.

– ಓದುಗ, ಮಂಡ್ಯ