ಹಟ್ಟಿಗೆ ಹೊರಟ ಮಗಳಿಗೆ

ಚಿ. ಶಿಲ್ಪಾಳಿಗೆ ಇಳಕಲ್‌ನಿಂದ ಅಪ್ಪನ ಆಶೀರ್ವಾದ.

ಹಟ್ಟಿಯ ಬಂಗಾರದ ಗಣಿಯೊಳಗೆ ನೀನು ಕೆಲಸಕ್ಕೆ ಇಳಿಯುವ ವಿಷಯಕ್ಕೆ ರವಿವಾರ ಊಟದ ಹೊತ್ತಿಗೆ ಆದ ಮಾತು ಇಬ್ಬರಿಗೂ ಗೊತ್ತು. ಮತ್ತೆ ಎತ್ತುವುದಿಲ್ಲ. ಎದುರಿಗೆ ಕೂತರೆ ನನ್ನ ದನಿ ಏರುತ್ತದೆ, ಅದಕ್ಕೇ ಬರೆದು ನಿನ್ನ ಬ್ಯಾಗಿನಲ್ಲಿ ಇಟ್ಟಿದ್ದೇನೆ.

ನಾನೂ ಕಲ್ಲಿನ ನಡುವೆಯೇ ದುಡಿದವನು. ಆದರೆ ನಮ್ಮ ಕೆಂಪು ಗ್ರಾನೈಟ್ ಕ್ವಾರಿಯಲ್ಲಿ ತಲೆ ಎತ್ತಿದರೆ ಆಕಾಶ ಕಾಣುತ್ತದೆ. ಕಲ್ಲು ಬೀಳುವುದಕ್ಕೆ ನಾನು ಹೆದರುವುದಿಲ್ಲ ತಂಗಿ. ನನ್ನ ಹೆದರಿಕೆ ಗಾಳಿಯದು.

ಹಳೇ ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ನಿಮ್ಮಜ್ಜ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಬಿಡುತ್ತಿದ್ದ. ಒಮ್ಮೆ ಅರ್ಧಕ್ಕೆ ಹೋಗಿದ್ದೇ ತಡ, ಕುಡಿ ಸಣ್ಣಗಾಗಿ ಆರಿಹೋಯಿತು. ಅಜ್ಜನ ಕೈ ಹಗ್ಗದ ಮೇಲೆ ಹಾಗೇ ನಿಂತಿತು. ಮುಗ್ಗಲು ವಾಸನೆಯ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಆಳ ಎಷ್ಟು? ಎರಡಾಳು, ಅಷ್ಟೇ. ಇಳಿದಿದ್ದರೆ ಎರಡಾಳಿನಲ್ಲೇ ಜೀವ ಹೋಗುತ್ತಿತ್ತು.

ಹಟ್ಟಿಯಲ್ಲಿ ಸುಮಾರು 2000 ವರ್ಷದ ಹಿಂದೆಯೇ ಜನ 600 ಅಡಿಗೂ ಕೆಳಗೆ ಹೋಗಿದ್ದರಂತೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ ಒಡೆಯುತ್ತಿದ್ದರು. ಅಷ್ಟು ಆಳದಲ್ಲಿ ಬೆಂಕಿ! ಹೊಗೆ ಎಲ್ಲಿಗೆ ಹೋಗುತ್ತಿತ್ತು? ರಾತ್ರಿಯೆಲ್ಲಾ ಇದೇ ಯೋಚನೆ. ಬಂಗಾರ ಹುಡುಕುತ್ತಿದ್ದ ಬೀಡನ್ ಸಾಹೇಬನಿಗೆ 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದನ್ನು ನೀನೇ ಹೇಳಿದ್ದೆ. ರಾಜನ ಹೆಸರು ಬಂಡೆಯ ಮೇಲಿದೆ. ಆ ಹೊಗೆ ಕುಡಿದವರ ಹೆಸರು ಎಲ್ಲಿದೆ? ಹಟ್ಟಿ ಗಣಿಯ ನಿಜಾಮರ ಕಾಲದ ಕಂಪನಿ, 1956ರಲ್ಲಿ ಬದಲಾದ ಅದರ ಹೆಸರು, ಅದೆಲ್ಲ ನಿನಗೆ ಬಾಯಿಪಾಠ, ಬಿಡು.

2019ರ ತನಕ ಹೆಣ್ಣುಮಕ್ಕಳು ಗಣಿಯೊಳಗೆ ಕೆಲಸಕ್ಕೆ ಇಳಿಯುವ ಹಾಗೇ ಇರಲಿಲ್ಲ. ಈಗಲೂ ನೀನು ಒಪ್ಪಿಗೆ ಬರೆದುಕೊಡಬೇಕಂತೆ. ಕೇಳುವುದು ನಿನ್ನನ್ನು, ಅಪ್ಪನನ್ನಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಅವ್ವ ನಿನ್ನ ಮುಂದೆ ಹೇಳಿ ನಕ್ಕಿರಬೇಕು.

ಇನ್ನು ಕೇಳು. ಗಣಿಯೊಳಗೆ ಗಾಳಿ ಆಡಿಸುವ ಫ್ಯಾನ್ ನಿಂತರೆ ಯಾವ ದಾರಿಯಿಂದ ಹೊರಗೆ ಬರಬೇಕು ಅಂತ ಮೊದಲ ದಿನವೇ ವಿಚಾರಿಸು. ಬ್ಲಾಸ್ಟಿಂಗ್ ಆದಮೇಲೆ ಹೊಗೆ ಪೂರ್ತಿ ಹೋಗುವ ತನಕ ಒಳಗೆ ಕಾಲಿಡಬೇಡ, ಕರೆದವರು ದೊಡ್ಡ ಸಾಹೇಬರೇ ಆಗಿರಲಿ. ತಲೆ ಸುತ್ತಿದರೆ ಸುಮ್ನೆ ತಡೆದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಬೇಡ. ನೋಡು, ಶುರುವಾಯ್ತು ನನ್ನ ಭಾಷಣ.

ರೊಟ್ಟಿ ಗಂಟಿನ ಕೆಳಗೆ ಶೇಂಗಾ ಚಟ್ನಿ ಇದೆ. ದಿನಾ ಮೇಲೆ ಬಂದ ಕೂಡಲೇ ಒಂದು ಮಿಸ್ ಕಾಲ್ ಕೊಡು. ಮಾತಾಡಬೇಕಂತಿಲ್ಲ.

ನಿನ್ನ ಅಪ್ಪ