ಡ್ರೊಸೊಫಿಲಾ ನೊಣ ಮತ್ತು ಹತ್ತಿ ಹೊಲದ ಎಣ್ಣಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಪತ್ರಗಳ ವಿಭಾಗದಲ್ಲಿ ಕೊಪ್ಪಳ ಕಡೆಯ ಮಾವು ಬೆಳೆಗಾರರೊಬ್ಬರ ಪತ್ರ ಓದಿದೆ. ಹಣ್ಣುನೊಣದ ಕಾಟಕ್ಕೆ ಫಸಲು ಕೊಳೆತು ಉದುರುತ್ತಿರುವಾಗ, ಅದೇ ನೊಣದ ಜೀನ್ (ವಂಶವಾಹಿ) ತಿದ್ದಿ ಅದರ ನರಗಳು ಹೇಗೆ ಕೆಲಸ ಮಾಡುತ್ತವೆ ಎಂದು ವಿಜ್ಞಾನಿಗಳು ನೋಡುತ್ತ ಕೂತಿರುವುದು ಸರ್ಕಾರದ ದುಡ್ಡಿನ ಪೋಲು ಎಂಬುದು ಅವರ ಆಕ್ಷೇಪ. ಅವರ ಸಂಕಟ ನಿಜವಾದದ್ದು. ಆದರೆ ಅವರು ಬೈದಿರುವ ನೊಣ ಬೇರೆ, ಪ್ರಯೋಗಾಲಯದ ನೊಣ ಬೇರೆ.

ಮಾವಿನ ಕಾಯಿಗೆ ಚುಚ್ಚಿ ಮೊಟ್ಟೆಯಿಡುವ, ನಾವು ಮೋಹಕ ಬಲೆ ಕಟ್ಟಿ ಹಿಡಿಯುವ ನೊಣದ ಹೆಸರು ಬ್ಯಾಕ್ಟ್ರೊಸೆರಾ. ಸಂಶೋಧಕರು ಸಾಕುವುದು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂಬುದನ್ನು. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ, ಎಳ್ಳಿನ ಕಾಳಿನಷ್ಟಿರುವ, ಕೆಂಪು ಕಣ್ಣಿನ ಹುಳ ಅದು. ಎರಡರ ಕುಟುಂಬವೂ ಬೇರೆ. ಕನ್ನಡದಲ್ಲಿ ಎರಡಕ್ಕೂ ಹಣ್ಣುನೊಣ ಎಂದೇ ಬರೆಯುವುದರಿಂದ ಈ ಗೊಂದಲ, ಇದರಲ್ಲಿ ಪತ್ರ ಬರೆದವರ ತಪ್ಪೇನೂ ಇಲ್ಲ.

ಇನ್ನು ದುಡ್ಡಿನ ಮಾತು. ಅದು ಪೋಲೋ ಅಲ್ಲವೋ ಎನ್ನಲು ನೊಣದ ನರದಲ್ಲಿ ಅವರು ನೋಡುವುದೇನು ಎಂದು ಮೊದಲು ಹೇಳಬೇಕು. ನರಕೋಶವೊಂದು ಮುಗಿದು ಇನ್ನೊಂದು ನರಕೋಶವೋ ಸ್ನಾಯುವೋ ಆರಂಭವಾಗುವ ಜಾಗವನ್ನು ಸಿನಾಪ್ಸ್ ಎನ್ನುತ್ತಾರೆ. ನಡುವಿನ ಸಂದು ಸುಮಾರು 20 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲು. ಈಚೆಯ ನರದ ತುದಿಯಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿರುತ್ತವೆ. ಸಂದೇಶ ಬಂದೊಡನೆ ಅವು ಪೊರೆಗೆ ಬೆಸೆದು ಒಡೆದುಕೊಳ್ಳುತ್ತವೆ, ರಾಸಾಯನಿಕ ಸಂದನ್ನು ದಾಟಿ ಆಚೆಯದನ್ನು ಮುಟ್ಟುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ತೆಗೆದುಹಾಕುವ ವ್ಯವಸ್ಥೆಯೂ ಅಲ್ಲೇ ಇರುತ್ತದೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಹತ್ತಿಗೆ ‘ಎಣ್ಣಿ’ (ಕೀಟನಾಶಕ) ಹೊಡೆಯುವ ರೈತನ ಬದುಕಿಗೂ ಈ ಸಂದಿಗೂ ನೇರ ಸಂಬಂಧವಿದೆ. ಮೊನೊಕ್ರೋಟೋಫಾಸ್‌ನಂಥ ಆರ್ಗನೊಫಾಸ್ಫೇಟ್ ಕೀಟನಾಶಕಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಹುಳ ಸಾಯುವುದು ಹಾಗೆ, ಮನುಷ್ಯ ವಿಷವೇರಿ ಬೀಳುವುದೂ ಹಾಗೆಯೇ.

ಗಾಳಿಗೆದುರಾಗಿ ಪಂಪು ಹೊತ್ತು ನಡೆದ ನನ್ನ ಚಿಕ್ಕಪ್ಪನ ಮಗನನ್ನು ಒಂದು ಸಂಜೆ ನಾವು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದಿದ್ದೆವು. ಅಂಗಿ ಬೆವರಿಗೆ ತೊಯ್ದು ಹೋಗಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು, ತೊಡೆಯ ಸ್ನಾಯುಗಳು ಚರ್ಮದ ಒಳಗೇ ಅದುರುತ್ತಿದ್ದವು, ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟಾಗಿತ್ತು. ಅಟ್ರೋಪಿನ್ ಚುಚ್ಚುಮದ್ದನ್ನು ಮತ್ತೆ ಮತ್ತೆ ಕೊಟ್ಟು ಉಳಿಸಿದರು. ಆ ರಾತ್ರಿಯವರೆಗೂ ತರಗತಿಯಲ್ಲಿ ಸಿನಾಪ್ಸಿನ ಚಿತ್ರವನ್ನು ಸೀಮೆಸುಣ್ಣದಲ್ಲಿ ಎಷ್ಟೋ ಸಲ ಬರೆದಿದ್ದೆನಾದರೂ ಅದು ಅಷ್ಟು ಹತ್ತಿರದ ಸಂಗತಿ ಎಂದು ನನಗೆ ಹೊಳೆದಿರಲಿಲ್ಲ.

ಆ ಸಂದಿಯಲ್ಲಿ ಯಾವ ಪ್ರೋಟೀನು ಏನು ಮಾಡುತ್ತದೆ ಎಂಬುದರ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಈ ನೊಣದಿಂದ ಬಂದದ್ದು. ‘ಶಿಬಿರೆ’ ಎಂಬ ತಳಿಯ ನೊಣ ಸುಮಾರು 30 ಡಿಗ್ರಿ ಬಿಸಿಗೆ ಒಯ್ದರೆ ಒಂದೆರಡು ನಿಮಿಷದಲ್ಲಿ ಮರಗಟ್ಟಿ ಬೀಳುತ್ತದೆ, ತಂಪಿಗೆ ತಂದರೆ ಎದ್ದು ಓಡಾಡುತ್ತದೆ. (ಸಿಂಧನೂರಿನ ಮೇ ತಿಂಗಳಲ್ಲಿ ಅದು ಏಳುವ ಮಾತೇ ಇಲ್ಲ.) ಬರಿದಾದ ಚೀಲಗಳನ್ನು ಪೊರೆಯಿಂದ ಚಿವುಟಿ ಒಳಗೆ ಎಳೆದುಕೊಳ್ಳುವ ಡೈನಮಿನ್ ಎಂಬ ಪ್ರೋಟೀನು ಬಿಸಿಗೆ ಕೈಕೊಡುವುದೇ ಇದಕ್ಕೆ ಕಾರಣ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದೀಕಿ ಅವರು ಅಮೆರಿಕದ ವಿಜ್ಞಾನಿ ಸೀಮೂರ್ ಬೆಂಜರ್ ಜೊತೆ ಸೇರಿ 1976ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಿಸಿಗೆ ಮೂರ್ಛೆ ಹೋಗುವ ‘ಕೊಮಟೋಸ್’ ನೊಣದ ಪ್ರಸ್ತಾಪವಿದೆ. ಚೀಲಗಳು ಬೆಸೆಯುವ ಕ್ರಿಯೆಗೆ ಬೇಕಾದ ಎನ್‌ಎಸ್‌ಎಫ್ ಎಂಬ ಪ್ರೋಟೀನಿನ ಜೀನ್‌ನಲ್ಲೇ ಆ ದೋಷವಿದೆ ಎಂಬುದು 1990ರ ದಶಕದಲ್ಲಿ ತಿಳಿಯಿತು. ಜೀವಕೋಶದ ಈ ಚೀಲಗಳ ಸಾಗಾಣಿಕೆಯನ್ನು ಬಿಡಿಸಿದ್ದಕ್ಕೆ 2013ರಲ್ಲಿ ಮೂವರಿಗೆ ನೊಬೆಲ್ ಬಂತು. ಅದೇ ಎನ್‌ಎಸ್‌ಎಫ್ ಕಂಡುಹಿಡಿದ ರೋತ್‌ಮನ್ ಆ ಮೂವರಲ್ಲಿ ಒಬ್ಬರು.

ಆಗೆಲ್ಲ ಕ್ಷ-ಕಿರಣವನ್ನೋ ರಾಸಾಯನಿಕವನ್ನೋ ಕೊಟ್ಟು, ಸಾವಿರಾರು ನೊಣಗಳಲ್ಲಿ ಕುಂಟುವುದನ್ನು, ಬೀಳುವುದನ್ನು ಆರಿಸಿ, ಯಾವ ಜೀನ್ ಕೆಟ್ಟಿದೆ ಎಂದು ವರ್ಷಗಟ್ಟಲೆ ಹುಡುಕಬೇಕಾಗಿತ್ತು. 2012ರಲ್ಲಿ ಬಂದ, ಜೀನ್ ಅನ್ನು ಬೇಕಾದ ಜಾಗದಲ್ಲೇ ಕತ್ತರಿಸಿ ತಿದ್ದುವ ಕ್ರಿಸ್ಪರ್ ವಿಧಾನ 2013ರ ಹೊತ್ತಿಗೆ ನೊಣಕ್ಕೂ ಒಗ್ಗಿತು. ಇಟ್ಟು ಒಂದು ಗಂಟೆಯೂ ಆಗದ ಮೊಟ್ಟೆಯ ಹಿಂಬದಿಯ ತುದಿಗೆ, ಮುಂದೆ ವೀರ್ಯ ಅಥವಾ ಅಂಡವಾಗುವ ಕೋಶಗಳು ಮೂಡುವ ಜಾಗಕ್ಕೆ, ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಕತ್ತರಿಸುವ ಪ್ರೋಟೀನನ್ನೂ ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಆರ್‌ಎನ್‌ಎ ತುಣುಕನ್ನೂ ಸೇರಿಸುತ್ತಾರೆ. ತಿದ್ದುಪಡಿ ಗಟ್ಟಿಯಾಗಿ ಕಾಣುವುದು ಆ ನೊಣದಲ್ಲಲ್ಲ, ಅದರ ಮರಿಗಳಲ್ಲಿ. ಒಬ್ಬ ರೋಗಿಯ ಜೀನ್‌ನಲ್ಲಿ ಸಿಕ್ಕ ಒಂದೇ ಒಂದು ಅಕ್ಷರದ ತಪ್ಪನ್ನು ನೊಣದಲ್ಲಿ ಮಾಡಿ ನೋಡಬಹುದು, ಅಥವಾ ಸಿನಾಪ್ಸಿನ ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಬಾಲ ಅಂಟಿಸಿ ಅದು ಎಲ್ಲಿ ಕೂರುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಬಹುದು. ಆಮೇಲೆ ಮರಿಹುಳವನ್ನು ಬೆನ್ನು ಸೀಳಿ ಹರಡಿ, ಸ್ನಾಯುವಿಗೆ ವಿದ್ಯುದ್ವಾರ ಇಳಿಸಿದರೆ ಒಂದೊಂದು ಚೀಲ ಒಡೆದಾಗಲೂ ಪರದೆಯ ಮೇಲೆ ಒಂದೊಂದು ಸಣ್ಣ ಏರು ಕಾಣುತ್ತದೆ. ನಮ್ಮ ಹತ್ತಿಯ ರಸ ಹೀರುವ ಕೀಟಗಳಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಸಿನಾಪ್ಸಿನ ಯಾವ ಗ್ರಾಹಕಕ್ಕೆ (ರಾಸಾಯನಿಕವನ್ನು ಬರಮಾಡಿಕೊಳ್ಳುವ ಪ್ರೋಟೀನಿಗೆ) ಹಿಡಿಯುತ್ತದೆ, ಯಾವ ಬದಲಾವಣೆಯಾದರೆ ಹುಳ ಅದಕ್ಕೆ ಬಗ್ಗುವುದಿಲ್ಲ ಎಂಬುದನ್ನೂ ಈ ನೊಣದಲ್ಲಿ ಜೀನ್ ತಿದ್ದಿಯೇ ಪರೀಕ್ಷಿಸಿದ್ದಾರೆ.

ಹಾಗೆಂದು ನೊಣ ಮನುಷ್ಯನ ನಕಲಲ್ಲ. ನಮ್ಮ ಸ್ನಾಯುವಿಗೆ ನರ ಕಳಿಸುವುದು ಅಸಿಟೈಲ್‌ಕೋಲಿನ್, ನೊಣದ ಸ್ನಾಯುವಿಗೆ ಗ್ಲುಟಮೇಟ್ ಎಂಬ ಬೇರೆ ರಾಸಾಯನಿಕ. ಮಿದುಳಿನಲ್ಲಿ ಹೆಚ್ಚುಕಡಿಮೆ ಇದು ತಿರುವುಮುರುವು. ನೊಣದಲ್ಲಿ ಏನೋ ಸಿಕ್ಕೊಡನೆ ಮರೆವಿನ ಕಾಯಿಲೆಗೆ ಮದ್ದು ಬಂತು ಎಂದು ಶೀರ್ಷಿಕೆ ಕೊಡುವ ಪತ್ರಿಕೆಗಳ ಮೇಲೆ ನನಗೂ ಸಿಟ್ಟಿದೆ. ಅಂಥ ಶೀರ್ಷಿಕೆಗಳಿಂದಲೇ ಜನರಿಗೆ ಆಮೇಲೆ ಎಲ್ಲವೂ ಬುರುಡೆ ಅನ್ನಿಸುವುದು.

ತಿದ್ದಿದ ನೊಣ ಹೊರಬಿದ್ದರೆ ಗತಿಯೇನು ಎಂದೂ ಆ ಬೆಳೆಗಾರರು ಕೇಳಿದ್ದಾರೆ. ಮರಗಟ್ಟುವ, ರೆಕ್ಕೆ ಮುದುಡಿದ ನೊಣ ಹೊರಗೆ ಬದುಕಿ ಹಬ್ಬುವುದು ಕಷ್ಟ. ಆದರೆ ತಿದ್ದುಪಡಿ ತನ್ನಷ್ಟಕ್ಕೆ ಸಂತತಿಯಲ್ಲಿ ಹರಡುವಂತೆ ಮಾಡುವ ಜೀನ್ ಡ್ರೈವ್ ತಂತ್ರವನ್ನು 2015ರಲ್ಲಿ ಡ್ರೊಸೊಫಿಲಾದಲ್ಲೇ ಮಾಡಿ ತೋರಿಸಲಾಯಿತು, ಆಗ ವಿಜ್ಞಾನಿಗಳೇ ಎಚ್ಚರಿಕೆಯ ಗಂಟೆ ಬಾರಿಸಿದರು. ಆದ್ದರಿಂದ ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ನಮ್ಮಲ್ಲಿ 1989ರ ನಿಯಮಗಳ ಅಡಿಯಲ್ಲಿ ಇಂಥ ಕೆಲಸ ಮಾಡುವ ಪ್ರತಿ ಸಂಸ್ಥೆಯೂ ಜೈವಿಕ ಸುರಕ್ಷತಾ ಸಮಿತಿ ಇಟ್ಟುಕೊಳ್ಳಬೇಕು. ಆ ಸಮಿತಿಗಳ ತೀರ್ಮಾನ ಕನ್ನಡದಲ್ಲೂ ಜನರಿಗೆ ಸಿಗಲಿ ಎಂದು ಅವರು ಕೇಳಿದರೆ ಕೆಳಗೆ ನಾನೂ ಸಹಿ ಹಾಕುತ್ತೇನೆ.

ತಮ್ಮಲ್ಲೂ ಒಂದು ವಿನಂತಿ. ಬೇರೆ ಜೀವಿಯ ಜೀನ್ ಸೇರಿಸಿದ ಬಿಟಿ ಹತ್ತಿಗೂ, ತನ್ನದೇ ಜೀನ್ ತಿದ್ದಿದ, 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಎರಡು ಭತ್ತದ ತಳಿಗಳಿಗೂ ಪತ್ರಿಕೆಗಳಲ್ಲಿ ‘ಕುಲಾಂತರಿ’ ಎಂಬ ಒಂದೇ ಪದ ಓಡಾಡುತ್ತಿದೆ. ಸಿಂಧನೂರು, ಗಂಗಾವತಿಯ ಭತ್ತದ ರೈತರು ನಾಳೆ ಆ ಬೀಜ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವಾಗ ಈ ಎರಡರ ವ್ಯತ್ಯಾಸ ಅವರಿಗೆ ಗೊತ್ತಿರಬೇಕು. ಮಾವಿನ ನೊಣಕ್ಕೂ ಡ್ರೊಸೊಫಿಲಾಕ್ಕೂ ಬೇರೆ ಬೇರೆ ಹೆಸರು ಬಳಸಲು ಆರಂಭಿಸಿದರೆ ಅದೂ ಒಳ್ಳೆಯದೇ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ,
ಸಿಂಧನೂರು, ರಾಯಚೂರು ಜಿಲ್ಲೆ