ಗೊನ್ಜಾಗ ಹೌಸ್ ಬರೀ ಬ್ಲೂ ಹೌಸ್ ಆಗದಿರಲಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಮಗಳ ಶಾಲೆಯಿಂದ ಒಂದು ಸುತ್ತೋಲೆ ಬಂತು. ಈ ವರ್ಷದಿಂದ ಹೌಸ್‌ಗಳಿಗೆ, ಅಂದರೆ ಸ್ಪರ್ಧೆಗಳಿಗಾಗಿ ಮಕ್ಕಳನ್ನು ಹಂಚುವ ತಂಡಗಳಿಗೆ, ಸಂತರ ಹೆಸರು ಇರುವುದಿಲ್ಲ, ರೆಡ್, ಬ್ಲೂ, ಗ್ರೀನ್, ಯೆಲ್ಲೋ ಅಷ್ಟೇ, ಹೊಸ ಟೀ ಶರ್ಟ್ ಆಫೀಸಿನಲ್ಲಿ ತೆಗೆದುಕೊಳ್ಳಿ ಅಂತ. ಮಕ್ಕಳಿಗೆ ಹೇಳಲು ಸುಲಭವಾಗಲಿ ಅನ್ನುವುದು ಅವರು ಕೊಟ್ಟ ಕಾರಣ. ಮಗಳು ಅದನ್ನು ಓದಿ ಫ್ರಿಜ್ ಮೇಲೆ ಇಟ್ಟು ಆಡಲು ಹೋದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಕರಾವಳಿಯ ಒಂದು ಕ್ಯಾಥೊಲಿಕ್ ಶಾಲೆ ಅದು. ನಾನೂ ಅಲ್ಲೇ ಓದಿದವನು. ಶಾಲೆಯ ಹೆಸರು ಬರೆಯುವುದಿಲ್ಲ, ಅಲ್ಲಿನ ಟೀಚರ್‌ಗಳ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ನಾನು ಗೊನ್ಜಾಗ ಹೌಸ್. ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೂ ಅದೇ ನೀಲಿ ಬ್ಯಾಡ್ಜ್, ಅಮ್ಮ ಪ್ರತಿ ಜೂನ್‌ನಲ್ಲಿ ಹಳೆ ಅಂಗಿಯಿಂದ ಬಿಚ್ಚಿ ಹೊಸ ಅಂಗಿಗೆ ಹೊಲಿದುಕೊಡುತ್ತಿದ್ದಳು. ಸ್ಪೋರ್ಟ್ಸ್ ಡೇ ದಿನ ಮಾರ್ಚ್‌ಪಾಸ್ಟ್, ಖೋ ಖೋದಲ್ಲಿ ಕ್ಸೇವಿಯರ್ ಹೌಸ್ ಜೊತೆ ಜಗಳ, ಬ್ರಿಟ್ಟೊ ಹೌಸ್‌ನವರು ರಿಲೇಯಲ್ಲಿ ಯಾವಾಗಲೂ ಮುಂದೆ. ಎಲ್ಲ ಶಾಲೆಗಳಲ್ಲೂ ಇರುವ ಕಥೆಯೇ.

ಆದರೆ ನಮ್ಮ ಹೌಸ್‌ನ ನೋಟಿಸ್ ಬೋರ್ಡಿನ ಮೇಲೆ ಒಂದು ಫೋಟೊ ಇತ್ತು. ಕಪ್ಪು ನಿಲುವಂಗಿ, ಅದರ ಮೇಲೆ ಬಿಳಿ ಮೇಲಂಗಿ ಹಾಕಿದ ಸಣಕಲು ಹುಡುಗ. ಕೈಯಲ್ಲಿ ಶಿಲುಬೆ. ಪಕ್ಕದಲ್ಲಿ ಬಿಳಿ ಲಿಲ್ಲಿ ಹೂವು. ಕೆಳಗೆ, ಕಾಲ ಹತ್ತಿರ, ಒಂದು ಕಿರೀಟ. ಗಾಜಿಗೆ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಮಳೆಗಾಲದಲ್ಲಿ ಅದರೊಳಗೆ ತೇವ ಸೇರಿ ಲಿಲ್ಲಿ ಹೂವಿನ ಜಾಗ ಸ್ವಲ್ಪ ಹಳದಿಯಾಗಿತ್ತು. ಆರನೇ ಕ್ಲಾಸಿನಲ್ಲಿ ಇರುವಾಗ ನಾನು ಒಬ್ಬ ಸಿಸ್ಟರ್‌ಗೆ ಕೇಳಿದ್ದೆ, ಕಿರೀಟ ಯಾಕೆ ನೆಲದ ಮೇಲಿದೆ ಅಂತ. ಅವರು ನಿಂತು ಹೇಳಿದರು, "ಅದು ಅವನದೇ. ಬೇಡ ಅಂತ ಬಿಟ್ಟು ಬಂದದ್ದು." ಅಷ್ಟೇ ಹೇಳಿ ಬೆಲ್ ಆಯಿತು ಅಂತ ಹೋದರು. ಆ ಒಂದು ಮಾತು ಇಷ್ಟು ವರ್ಷ ನನ್ನ ಜೊತೆ ಇದೆ.

ಗೊನ್ಜಾಗ ಅನ್ನುವುದು ಒಂದು ಮನೆತನದ ಹೆಸರು. ಉತ್ತರ ಇಟಲಿಯ ಮಾಂಟುವಾ ಪ್ರದೇಶವನ್ನು ಆಳಿದ ಮನೆತನ. ಆ ಮನೆತನದ ಒಂದು ಕವಲಿನಲ್ಲಿ, ಕಾಸ್ತಿಲ್ಯೋನೆ ಅನ್ನುವ ಊರಿನ ಕೋಟೆಯಲ್ಲಿ, 1568ರ ಮಾರ್ಚ್ 9ರಂದು ಫೋಟೊದ ಆ ಹುಡುಗ, ಸಂತ ಅಲೋಶಿಯಸ್ ಗೊನ್ಜಾಗ, ಹುಟ್ಟಿದ. (ಸಂತರನ್ನು ಅವರು ಅನ್ನಬೇಕು, ಗೊತ್ತು. ಆದರೆ ತೀರಿಕೊಂಡಾಗ ಅವನಿಗೆ ಬರೀ 23 ವರ್ಷ, ನನಗೆ ಪ್ರೀತಿಯಿಂದ ಅವನು ಅಂತಲೇ ಬಾಯಿಗೆ ಬರುತ್ತದೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.) ಮೊದಲ ಮಗ, ಅಂದರೆ ಅಪ್ಪನ ನಂತರ ಪಟ್ಟ ಅವನಿಗೇ. ಅಪ್ಪನಿಗೆ ಮಗ ದೊಡ್ಡ ಸೇನಾಪತಿ ಆಗಬೇಕು ಅಂತ ಆಸೆ, ನಾಲ್ಕೈದು ವರ್ಷದ ಮಗುವನ್ನೇ ಸೈನಿಕರ ಬಿಡಾರಕ್ಕೆ ಕರೆದುಕೊಂಡು ಹೋಗಿದ್ದ. ಸೈನಿಕರ ಕೆಟ್ಟ ಮಾತುಗಳನ್ನೂ ಮಗು ಕಲಿತು ಬಂತು. ಆಮೇಲೆ ಫ್ಲಾರೆನ್ಸ್ ಆಸ್ಥಾನ, ಸ್ಪೇನ್ ದೊರೆಯ ಅರಮನೆ, ಅಲ್ಲೆಲ್ಲ ರಾಜಕುಮಾರರ ಜೊತೆ ಬೆಳೆದ. ಹದಿಹರೆಯದಲ್ಲೇ ಜೆಸ್ವಿಟ್ (ಯೇಸು ಸಭೆ ಅನ್ನುವ ಕ್ಯಾಥೊಲಿಕ್ ಸಂಘದ ಸನ್ಯಾಸಿ) ಆಗುತ್ತೇನೆ ಅಂದಾಗ ಅಪ್ಪ ಕೆಂಡಾಮಂಡಲ. ವರ್ಷಗಟ್ಟಲೆ ಎಳೆದಾಟ ನಡೆದು, ಕೊನೆಗೆ 1585ರಲ್ಲಿ ತನ್ನ ಹಕ್ಕನ್ನೆಲ್ಲ ತಮ್ಮ ರೊಡೊಲ್ಫೊಗೆ ಬರೆದುಕೊಟ್ಟು ರೋಮ್‌ಗೆ ಹೊರಟ. ಆಗ ಅವನಿಗೆ 17 ವರ್ಷ.

ಹೌಸ್ ಅಂದರೆ ಮನೆ. ತನ್ನ ಮನೆ, ಮನೆತನ, ಪಟ್ಟ ಎಲ್ಲ ಬಿಟ್ಟು ಹೋದ ಹುಡುಗನ ಮನೆತನದ ಹೆಸರನ್ನೇ ನಾವು ಆರು ವರ್ಷ ಎದೆ ಮೇಲೆ ಹೊಲಿದುಕೊಂಡು ಓಡಾಡಿದೆವು. ಇದನ್ನು ಯಾರಾದರೂ ಆಗಲೇ ಕೂರಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ?

ನಮಗೆ ಹೇಳಿದ ಸ್ವಲ್ಪವೂ ಬೇರೆ ಥರದ್ದು. ಅವನು ತುಂಬಾ ಶುದ್ಧ, ಕಣ್ಣೆತ್ತಿ ನೋಡುತ್ತಿರಲಿಲ್ಲ, ಉಪವಾಸ ಮಾಡುತ್ತಿದ್ದ, ನೀವೂ ಹಾಗೇ ಇರಿ ಅಂತ. ಅವನು ದೇಹವನ್ನು ಜಾಸ್ತಿಯೇ ದಂಡಿಸಿಕೊಂಡದ್ದು ನಿಜ, ರೋಮ್‌ನಲ್ಲಿ ಅವನ ಹಿರಿಯರೇ ಅವನಿಗೆ ಸರಿಯಾಗಿ ಊಟ ಮಾಡು ಅಂತ ಹೇಳಬೇಕಾಯಿತು. ಆ ಭಾಗವನ್ನು ಮಕ್ಕಳ ಮುಂದೆ ಮಾದರಿಯಾಗಿ ಇಡುವುದು ನನಗೆ ಒಪ್ಪಿಗೆ ಇಲ್ಲ. ಅವನ ಕಥೆಯ ಜೀವ ಇರುವುದು 1591ರಲ್ಲಿ.

ಆ ವರ್ಷ ರೋಮ್‌ನಲ್ಲಿ ಸಾಂಕ್ರಾಮಿಕ ರೋಗ ಹರಡಿತ್ತು. ಜನ ಬೀದಿಯಲ್ಲೇ ಬಿದ್ದಿದ್ದರು. ಜೆಸ್ವಿಟರು ಒಂದು ಆಸ್ಪತ್ರೆ ತೆರೆದರು. ಅಲೋಶಿಯಸ್ ಮನೆಮನೆಗೆ ಹೋಗಿ ಭಿಕ್ಷೆ ಎತ್ತಿದ, ಒಂದು ಕಾಲದಲ್ಲಿ ಸ್ಪೇನ್ ದೊರೆಯ ಮಗನ ಜೊತೆ ಆಡಿದವನು ಚೀಲ ಹಿಡಿದು ರೋಮ್‌ನ ಬಾಗಿಲು ತಟ್ಟಿದ. ರೋಗಿಗಳನ್ನು ಎತ್ತಿಕೊಂಡು ಬಂದ, ತೊಳೆದ, ಊಟ ಮಾಡಿಸಿದ. ಅವನ ಆರೋಗ್ಯ ಮೊದಲಿನಿಂದಲೂ ಅಷ್ಟಕ್ಕಷ್ಟೇ, ಮೂತ್ರಪಿಂಡದ ತೊಂದರೆ ಇತ್ತು. ಜೊತೆಯವರು ಒಬ್ಬೊಬ್ಬರಾಗಿ ರೋಗ ತಗುಲಿ ಸಾಯತೊಡಗಿದಾಗ ಹಿರಿಯರು ಹೆದರಿ, ನೀನು ಅಲ್ಲಿಗೆ ಹೋಗಬೇಡ ಅಂದರು. ಅವನು ಬಿಡಲಿಲ್ಲ. ಸರಿ, ಸಾಂಕ್ರಾಮಿಕ ರೋಗಿಗಳಿಲ್ಲದ ಇನ್ನೊಂದು ಆಸ್ಪತ್ರೆಗೆ ಹೋಗು ಅಂತ ಕಳಿಸಿದರು. ಅಲ್ಲಿ ಒಬ್ಬ ರೋಗಿಯನ್ನು ಹಾಸಿಗೆಯಿಂದ ಎತ್ತಿ ಆರೈಕೆ ಮಾಡಿ ಮತ್ತೆ ಮಲಗಿಸಿದ. ಆ ಮನುಷ್ಯನಿಗೆ ಅದೇ ರೋಗ ಇತ್ತು. ಮಾರ್ಚ್‌ನಲ್ಲಿ ಹಾಸಿಗೆ ಹಿಡಿದ ಅಲೋಶಿಯಸ್ ಮೂರು ತಿಂಗಳು ಸಣ್ಣ ಜ್ವರದಲ್ಲಿ ಸವೆದು, ಜೂನ್ 21ರ ರಾತ್ರಿ ತೀರಿಕೊಂಡ.

ಸುತ್ತೋಲೆ ಬಂದ ಮರುದಿನ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಊಟದ ತಟ್ಟೆ ಮುಂದೆ ಕೈ ಒಣಗಿಸಿಕೊಂಡು ಕೂತಳು. "ಅಪ್ಪ, ಅವನಿಗೆ ಹೇಸಿಗೆ ಆಗಲಿಲ್ವಾ?" ಅಂತ ಕೇಳಿದಳು. ಆಯಿತು ಮಗಾ, ಅಂದೆ. ಹುಣ್ಣು, ಕೀವು, ವಾಸನೆ ಅವನಿಗೆ ಸ್ವಭಾವತಃ ಆಗುತ್ತಿರಲಿಲ್ಲ. ಆದರೂ ಮಾಡಿದ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಹಾಗಾದ್ರೆ ನಮ್ಮ ಹೌಸ್ ಒಳ್ಳೇದು" ಅಂದಳು. ನಾಲ್ಕು ವರ್ಷದಿಂದ ಅದೇ ಹೌಸ್‌ನಲ್ಲಿ ಇರುವ ಮಗು, ಅವಳಿಗೆ ಅವತ್ತೇ ಗೊತ್ತಾಗಿದ್ದು.

2021ರ ಮೇ ತಿಂಗಳು ನೆನಪಿದೆಯಾ? ನಮ್ಮ ಬೀದಿಯ ಒಬ್ಬರು ಅಜ್ಜ ಕೊರೋನಾದಿಂದ ಮನೆಯಲ್ಲೇ ಹೋದರು. ನಾವೆಲ್ಲ ಕಿಟಕಿ ಒಳಗಿಂದ ನೋಡುತ್ತಿದ್ದೆವು. ಇಪ್ಪತ್ತೈದು ದಾಟಿರದ ಇಬ್ಬರು ಹುಡುಗರು ಪಿಪಿಇ ಕಿಟ್ ಹಾಕಿಕೊಂಡು ಬಂದು, ಮಹಡಿಯ ಕಡಿದಾದ ಮೆಟ್ಟಿಲಿನಿಂದ ಅವರನ್ನು ಮಗುವನ್ನು ಇಳಿಸಿದ ಹಾಗೆ ಮೆತ್ತಗೆ ಇಳಿಸಿಕೊಂಡು ಹೋದರು. ಒಬ್ಬನ ಮುಖವಾಡದ ಗಾಜು ಬೆವರಿನ ಹಬೆಯಿಂದ ಮಬ್ಬಾಗಿ ಅವನಿಗೆ ಮೆಟ್ಟಿಲೇ ಕಾಣುತ್ತಿರಲಿಲ್ಲ, ಇನ್ನೊಬ್ಬ ಕೆಳಗಿನಿಂದ ಒಂದು, ಎರಡು ಅಂತ ಎಣಿಸುತ್ತಿದ್ದ. ಆ ಎಣಿಕೆ ಕೇಳುವಾಗ ನನಗೆ ನೆನಪಾಗಿದ್ದು ಬಿರುಕು ಬಿಟ್ಟ ಗಾಜಿನ ಹಿಂದಿದ್ದ ಆ ಹುಡುಗ.

ಸಂತರ ಹೆಸರು ಇದ್ದರೆ ಬೇರೆ ಧರ್ಮದ ಮಕ್ಕಳಿಗೆ ಮುಜುಗರ ಅಂತ ಕೆಲವು ಪೋಷಕರು ಮೀಟಿಂಗ್‌ನಲ್ಲಿ ಹೇಳಿದರಂತೆ. ಸುಲಭವಾಗಲಿ ಅನ್ನುವ ಕಾರಣದ ಹಿಂದೆ ಇದೂ ಇರಬಹುದು. ನಾನು ಹಿಂದೂ. ನಮ್ಮ ಮನೆಯಲ್ಲಿ ನಾಗರ ಪಂಚಮಿಗೆ ತನು ಹಾಕುತ್ತೇವೆ, ವರ್ಷಕ್ಕೊಮ್ಮೆ ಮನೆದೈವಕ್ಕೆ ನಡೆದುಕೊಳ್ಳುತ್ತೇವೆ. ಆ ಬ್ಯಾಡ್ಜ್ ಹೊಲಿಯುತ್ತಿದ್ದ ನನ್ನ ಅಮ್ಮ ದಿನಾ ತುಳಸಿಗೆ ನೀರು ಹಾಕದೆ ಕಾಫಿ ಕುಡಿದವಳಲ್ಲ. ಗೊನ್ಜಾಗ ಹೌಸ್ ಅನ್ನುವುದರಿಂದ ನನ್ನ ದೇವರು ನನ್ನಿಂದ ದೂರ ಹೋಗಲಿಲ್ಲ. ಕ್ಯಾಥೊಲಿಕ್ ಶಾಲೆಗೆ ಗೊತ್ತಿದ್ದೇ ಮಕ್ಕಳನ್ನು ಸೇರಿಸುತ್ತೇವೆ, ಅಲ್ಲಿನ ಶಿಸ್ತು ಬೇಕು, ಇಂಗ್ಲಿಷ್ ಬೇಕು, ಆ ಶಾಲೆ ಯಾರನ್ನು ನೆನೆಯುತ್ತದೆ ಅನ್ನುವುದು ಮಾತ್ರ ಬೇಡ ಅಂದರೆ ಅದು ನ್ಯಾಯ ಅಲ್ಲ. ಪೂಜೆ ಮಾಡಿ ಅಂತ ಯಾರೂ ಕೇಳುತ್ತಿಲ್ಲ. ಕಥೆ ಕೇಳಿಸಿಕೊಳ್ಳಿ ಅಂತ ಅಷ್ಟೇ.

ಹೌಸ್ ಪದ್ಧತಿ ಬಂದಿದ್ದು ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗಳಿಂದ. ಅಲ್ಲಿ ಮಕ್ಕಳು ನಿಜವಾಗಿಯೂ ಬೇರೆ ಬೇರೆ ಮನೆಗಳಲ್ಲಿ ಇರುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು, ಮಲಗುತ್ತಿದ್ದರು. ನಮ್ಮಲ್ಲಿ ಸಂಜೆ ನಾಲ್ಕಕ್ಕೆ ಎಲ್ಲರೂ ಬಸ್ ಹತ್ತಿ ತಮ್ಮ ತಮ್ಮ ಮನೆಗೆ ಹೋಗುತ್ತಾರೆ, ಹಾಗಾಗಿ ಹೌಸ್‌ನಲ್ಲಿ ಉಳಿಯುವುದು ಹೆಸರು ಮತ್ತು ಬಣ್ಣ ಎರಡೇ. ಹೆಸರನ್ನೂ ತೆಗೆದರೆ ಬಣ್ಣದ ಟೀ ಶರ್ಟ್ ಬಿಟ್ಟು ಇನ್ನೇನಿದೆ?

ಇದಕ್ಕೆ ದೂರದ ಇಟಲಿಗೂ ಹೋಗಬೇಕಾಗಿಲ್ಲ. ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. 1880ರಲ್ಲಿ ಶುರುವಾದ ಕಾಲೇಜು. ಅಂತೋನಿಯೊ ಮೊಸ್ಕೇನಿ ಅನ್ನುವ ಇಟಲಿಯ ಜೆಸ್ವಿಟ್ ಬ್ರದರ್ 1899ರಿಂದ 1901ರವರೆಗೆ ಅಲ್ಲೇ ಇದ್ದು ಗೋಡೆ, ಚಾವಣಿ, ಕಮಾನು ಒಂದನ್ನೂ ಬಿಡದೆ ಚಿತ್ರ ಬರೆದರು. ಗೋಡೆಯಲ್ಲಿ ಹಸಿ ಗಾರೆಯ ಮೇಲೆ ಬಣ್ಣ, ಚಾವಣಿಯಲ್ಲಿ ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ಕತ್ತು ಎತ್ತಿ ನೋಡಿದರೆ ಅಲೋಶಿಯಸ್‌ನ ಬದುಕು ಮೇಲೆ ಕಾಣುತ್ತದೆ. ಪ್ರವಾಸ ಅಂತ ಮಕ್ಕಳನ್ನು ವಾಟರ್ ಪಾರ್ಕ್‌ಗೆ ಕರೆದುಕೊಂಡು ಹೋಗುವ ಶಾಲೆಗಳು, ಕರಾವಳಿಯಲ್ಲೇ ಇದ್ದುಕೊಂಡು, ಇಲ್ಲಿಗೆ ಒಂದು ಮಧ್ಯಾಹ್ನ ಕರೆದುಕೊಂಡು ಬರಬಾರದಾ?

ಜೂನ್ 21 ಅವನ ಹಬ್ಬದ ದಿನ. 2015ರಿಂದ ಅದೇ ದಿನ ಯೋಗ ದಿನವೂ ಹೌದು, ಬೆಳಿಗ್ಗೆ ಎಲ್ಲ ಮಕ್ಕಳು ಮೈದಾನದಲ್ಲಿ ಚಾಪೆ ಹಾಕಿ ಕೂತಿರುತ್ತಾರೆ. ಯೋಗ ಆಗಲಿ, ಖಂಡಿತ ಆಗಲಿ. ಅದು ಮುಗಿದ ಮೇಲೆ ಅದೇ ಚಾಪೆ ಮೇಲೆ ಹತ್ತು ನಿಮಿಷ ಕೂರಿಸಿ, 23 ವರ್ಷದ ಒಬ್ಬ ಹುಡುಗ ಯಾಕೆ ಸತ್ತ ಅಂತ ಒಬ್ಬ ಟೀಚರ್ ಹೇಳಲಿ. ಬ್ರಿಟ್ಟೊ ಹೌಸ್‌ನ ಮಕ್ಕಳಿಗೆ ತಮಿಳುನಾಡಿನ ಓರಿಯೂರಿನಲ್ಲಿ 1693ರಲ್ಲಿ ತಲೆ ಕೊಟ್ಟ ಜೆಸ್ವಿಟ್ ಪಾದ್ರಿ ಜಾನ್ ಡಿ ಬ್ರಿಟ್ಟೊ ಕಥೆಯನ್ನು ಅವರ ಹಬ್ಬದ ದಿನವಾದ ಫೆಬ್ರವರಿ 4ಕ್ಕೆ ಹೇಳಬಹುದು. ಇದಕ್ಕೆ ಹಣ ಬೇಡ, ಹೊಸ ಟೀ ಶರ್ಟೂ ಬೇಡ.

ಪೋಷಕರ ಸಭೆಗೆ ಹೋದಾಗ ನಮ್ಮ ಹಳೆ ಕಾರಿಡಾರ್‌ನಲ್ಲಿ ನಡೆದೆ. ನೋಟಿಸ್ ಬೋರ್ಡ್ ಮೇಲೆ ಈಗ ನೀಲಿ ಕಾಗದ ಅಂಟಿಸಿ ಬ್ಲೂ ಹೌಸ್ ಅಂತ ಬರೆದಿದ್ದಾರೆ. ಫೋಟೊ ಸ್ಟೋರ್‌ರೂಮಿನಲ್ಲಿ ಇದೆ, ಎಸೆದಿಲ್ಲ ಸಾರ್, ಅಂತ ಅಟೆಂಡರ್ ಹೇಳಿದರು. ಹಾಗಿದ್ದರೆ ದಯವಿಟ್ಟು ಅದನ್ನು ಹೊರಗೆ ತೆಗೆಯಿರಿ. ಗಾಜು ಬದಲಾಯಿಸುವ ಖರ್ಚು ನಾನು ಕೊಡುತ್ತೇನೆ. ಗೋಡೆಯಲ್ಲಿ ಮೊಳೆ ಇನ್ನೂ ಹಾಗೇ ಇದೆ, ನೋಡಿಕೊಂಡು ಬಂದಿದ್ದೇನೆ.

ಇಂತಿ,
ಗೊನ್ಜಾಗ ಹೌಸ್‌ನ ಒಬ್ಬ ಹಳೆ ವಿದ್ಯಾರ್ಥಿ
ದಕ್ಷಿಣ ಕನ್ನಡ